ಮೂಲೆ ಸೇರಿದ ಕೋಳಿ



ಒಂದು ಹಿತ್ತಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ಯಾದಗಿರಿಯ ಹತ್ತಿರ ಭೀಮಾ ನದಿಯ ದಂಡೆಯ ಊರಿನದಾಗಿರಬಹುದು. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟದ ಸಮೀಪದ್ದಾಗಿರಬಹುದು. ಸುರಪುರದ ಗುಡ್ಡದ ಕೆಳಗಿನ ಓಣಿಯದೂ ಆಗಿರಬಹುದು. ಅಲ್ಲೊಂದು ಬೇವಿನ ಮರ, ಪಕ್ಕದಲ್ಲಿ ತಿಪ್ಪೆ, ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆಯ ಹೊರೆ. ಬೆಳಿಗ್ಗೆ ಅವ್ವ ಒಂದು ಹಿಡಿ ಜೋಳ ಚೆಲ್ಲುತ್ತಾಳೆ. ಐದು ಕೋಳಿಗಳು ಓಡಿ ಬಂದು ಪಟಪಟನೆ ಕಾಳು ಹೆಕ್ಕುತ್ತವೆ. ಆರನೆಯದು ಮಾತ್ರ ಗೋಡೆಯ ಮೂಲೆಯಲ್ಲೇ ನಿಂತಿರುತ್ತದೆ. ಒಂದೆರಡು ಹೆಜ್ಜೆ ಮುಂದಿಡುತ್ತದೆ. ಅಷ್ಟರಲ್ಲಿ ದೊಡ್ಡ ಕೋಳಿಯೊಂದು ತಲೆ ಎತ್ತಿ ನೋಡುತ್ತದೆ. ಕೂಡಲೇ ಇದು ಮತ್ತೆ ಮೂಲೆಗೆ ಓಡುತ್ತದೆ.

"ಯವ್ವಾ, ಇದ್ಯಾಕ ಮೂಲ್ಯಾಗೇ ನಿಂತದ?" ಎಂದು ಕೇಳಿದರೆ, "ಅದು ಅಂಜುಬುರುಕ ಕೋಳಿ ಅದ. ತತ್ತೀನೂ ಇಡವಲ್ದು. ಬರೋ ಸಂತಿಗಿ ಮಾರಿಬಿಡೋಣ" ಎಂಬ ಉತ್ತರ ಬರಬಹುದು.

ಅವ್ವನ ಮಾತಿನಲ್ಲಿ ತಪ್ಪೇನಿಲ್ಲ. ಹಿತ್ತಲ ಕೋಳಿ ಎಂದರೆ ಮನೆಗೆ ತತ್ತಿ, ಮರಿ, ಕೈಗೆ ನಾಲ್ಕು ಕಾಸು. ತತ್ತಿ ಇಡದ ಕೋಳಿಯನ್ನು ಸಾಕುವುದು ಕಷ್ಟ. ಆದರೆ ಆ ಕೋಳಿ ಹುಟ್ಟಿನಿಂದಲೇ ಅಂಜುಬುರುಕವೇ? ಅದನ್ನು ಮತ್ತೆ ಹಿಂಡಿನೊಳಗೆ ಸೇರಿಸಲು ಆಗುವುದಿಲ್ಲವೇ? ಸಂತೆಯ ದಿನ ಬರುವುದರೊಳಗೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ ಬನ್ನಿ.

ಲೆಕ್ಕ ಬರೆದಿಟ್ಟ ಹುಡುಗ

ಸುಮಾರು 120 ವರ್ಷಗಳ ಹಿಂದಿನ ಮಾತು. ಯುರೋಪಿನ ನಾರ್ವೆ ದೇಶದಲ್ಲಿ ಥಾರ್ಲೀಫ್ ಶೆಲ್ಡರಪ್ ಎಬ್ಬೆ ಎಂಬ ಹುಡುಗನಿದ್ದ. ಅವನು ಹುಟ್ಟಿದ್ದು 1894ರಲ್ಲಿ. ಚಿಕ್ಕಂದಿನಿಂದಲೂ ಅವನಿಗೆ ಕೋಳಿಗಳೆಂದರೆ ಬಹಳ ಇಷ್ಟ. ಬೇರೆ ಮಕ್ಕಳು ಆಡುವಾಗ ಅವನು ಕೋಳಿಗಳ ಹತ್ತಿರ ಕುಳಿತು ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ನೋಡಿ ಬರೆದಿಡುತ್ತಿದ್ದ. ದೊಡ್ಡವನಾದ ಮೇಲೂ ಆ ಅಭ್ಯಾಸವನ್ನು ಬಿಡಲಿಲ್ಲ. ತಾನು ಕಂಡದ್ದನ್ನೆಲ್ಲ 1922ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ.

ಅವನು ಕಂಡುಕೊಂಡದ್ದು ಇಷ್ಟು. ಕೋಳಿಗಳು ಸುಮ್ಮನೆ ಮನಸ್ಸಿಗೆ ಬಂದಂತೆ ಜಗಳವಾಡುವುದಿಲ್ಲ. ಹಿಂಡಿನಲ್ಲಿ ಎಲ್ಲರನ್ನೂ ಕುಕ್ಕುವ ಒಂದು ಕೋಳಿ ಇರುತ್ತದೆ. ಅದನ್ನು ಯಾರೂ ಕುಕ್ಕುವುದಿಲ್ಲ. ಎರಡನೆಯದು ಮೊದಲನೆಯದಕ್ಕೆ ಹೆದರುತ್ತದೆ, ಉಳಿದವನ್ನು ಕುಕ್ಕುತ್ತದೆ. ಮೂರನೆಯದು ಮೇಲಿನ ಎರಡಕ್ಕೆ ಹೆದರುತ್ತದೆ. ಹೀಗೆ ಸಾಲು ಮುಂದುವರಿದು ಕೊನೆಯ ಕೋಳಿ ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಈ ಸಾಲನ್ನು 'ಕುಕ್ಕುವ ಕ್ರಮ' ಎಂದು ಕರೆಯೋಣ. ಕೆಲವೊಮ್ಮೆ ಈ ಸಾಲಿನಲ್ಲಿ ತಮಾಷೆಯೂ ಇರುತ್ತದೆ. ಕೆಂಪು ಕೋಳಿ ಕಪ್ಪನ್ನು ಕುಕ್ಕುತ್ತದೆ, ಕಪ್ಪು ಬಿಳಿಯನ್ನು ಕುಕ್ಕುತ್ತದೆ, ಬಿಳಿಯದು ತಿರುಗಿ ಕೆಂಪನ್ನೇ ಕುಕ್ಕುತ್ತದೆ! ಇಂತಹ ತ್ರಿಕೋನಗಳನ್ನೂ ಆತ ಗುರುತಿಸಿದ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಹಿತ್ತಲಲ್ಲಿ 6 ಕೋಳಿಗಳಿವೆ. ಪ್ರತಿ ಎರಡು ಕೋಳಿಗಳ ನಡುವೆ ಯಾರು ಮೇಲು ಎಂದು ತೀರ್ಮಾನವಾಗಬೇಕು. ಹಾಗಾದರೆ ಎಷ್ಟು ಜೋಡಿಗಳು? 6 × 5 ÷ 2 = 15 ಜೋಡಿಗಳು. ಆ 15 ತೀರ್ಮಾನಗಳನ್ನೂ ಕೋಳಿಗಳು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಒಂದನ್ನೊಂದು ಗುರುತಿಸಲು ಅವು ಮುಖ್ಯವಾಗಿ ತಲೆ, ಕತ್ತು ಮತ್ತು ತಲೆಯ ಮೇಲಿನ ಕೆಂಪು ಜುಟ್ಟನ್ನು ನೋಡುತ್ತವೆ. ಕೋಳಿಗೆ ಬುದ್ಧಿ ಇಲ್ಲ ಎಂದು ಇನ್ನು ಮುಂದೆ ಹೇಳುವಿರಾ?

ಈ ಸಾಲು ಏಕೆ ಬೇಕು?

ನಮ್ಮ ಸಾಕು ಕೋಳಿಗಳ ಪೂರ್ವಜರು ಕೆಂಪು ಕಾಡುಕೋಳಿಗಳು. ಸುಮಾರು 3500 ವರ್ಷಗಳ ಹಿಂದೆ ಆಗ್ನೇಯ ಏಷ್ಯಾದಲ್ಲಿ, ಈಗಿನ ಥಾಯ್ಲೆಂಡ್ ಭಾಗದಲ್ಲಿ, ಜನರು ಅವುಗಳನ್ನು ಪಳಗಿಸಿದರು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆಗಳು ತಿಳಿಸುತ್ತವೆ. ಕಾಡಿನಲ್ಲಿ ಈ ಕೋಳಿಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಬದುಕುತ್ತವೆ. ಕಾಳು ಸಿಕ್ಕಾಗಲೆಲ್ಲ ಕಾದಾಡುತ್ತಾ ಕುಳಿತರೆ ಗಾಯವಾಗುತ್ತದೆ, ಶಕ್ತಿ ವ್ಯರ್ಥವಾಗುತ್ತದೆ, ಅಷ್ಟರಲ್ಲಿ ಹದ್ದು ಎರಗಬಹುದು. ಒಮ್ಮೆ ಸಾಲು ನಿರ್ಧಾರವಾದರೆ ಮತ್ತೆ ಮತ್ತೆ ಕಾದಾಡಬೇಕಿಲ್ಲ. ಮೇಲಿನ ಕೋಳಿ ಕತ್ತು ಎತ್ತಿ ನೋಡಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ.

ಕಾಡಿನಲ್ಲಿ ಸರಿಯಲು ಬೇಕಾದಷ್ಟು ಜಾಗವಿದೆ. ಒಂದು ಪೊದೆಯಿಂದ ಓಡಿಸಿದರೆ ಇನ್ನೊಂದು ಪೊದೆಯ ಕೆಳಗೆ ಹುಳ ಹುಡುಕಬಹುದು. ಹಿತ್ತಲಿನಲ್ಲಿ ಹಾಗಲ್ಲ. ನಾವು ಕಾಳನ್ನು ಒಂದೇ ಕಡೆ ಚೆಲ್ಲುತ್ತೇವೆ. ನೀರು ಒಂದೇ ಪರಾತದಲ್ಲಿ. ನೆರಳು ಒಂದೇ ಮರದ ಕೆಳಗೆ. ಸುತ್ತಲೂ ಗೋಡೆ. ಕೊನೆಯ ಕೋಳಿ ಸರಿದು ಹೋಗುವುದಾದರೂ ಎಲ್ಲಿಗೆ? ಮೂಲೆಗೆ! ಸಾಲು ಪ್ರಕೃತಿಯದು, ಮೂಲೆ ನಾವು ಮಾಡಿದ್ದು. ಈ ಮಾತನ್ನು ನೆನಪಿಡಿ. ಮುಂದೆ ಹೇಳುವ ಉಪಾಯಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಅಂಜಿಕೆ ಬರುವುದು ಹೇಗೆ?

ಚೆನ್ನಾಗಿದ್ದ ಕೋಳಿ ಅಂಜತೊಡಗಲು ಹಲವು ಕಾರಣಗಳಿವೆ.

ಮೊದಲನೆಯದು, ಹೊಸತನ. ಸಂತೆಯಿಂದ ಒಂದು ಕೋಳಿ ತಂದು ಹಿಂಡಿಗೆ ಬಿಟ್ಟಿರಿ ಎನ್ನಿ. ಹಳೆಯ 6 ಕೋಳಿಗಳ ಜೊತೆಗೂ ಅದು ಹೊಸದಾಗಿ ತೀರ್ಮಾನ ಮಾಡಿಕೊಳ್ಳಬೇಕು. ಎಂದರೆ ಒಂದೇ ದಿನದಲ್ಲಿ 6 ಜಗಳಗಳು, ಅದೂ ಗುರುತಿಲ್ಲದ ಜಾಗದಲ್ಲಿ! ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಹೊರತಂದ 'ಗಿರಿರಾಜ' ಕೋಳಿಯ ಹೆಸರನ್ನು ನೀವು ಕೇಳಿರಬಹುದು. ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿ ಅದು. ನಾಟಿ ಕೋಳಿಗಿಂತ ಮೈ ದೊಡ್ಡದು. ಆದರೂ ಹೊಸ ಹಿತ್ತಲಿಗೆ ಒಂಟಿಯಾಗಿ ಬಂದರೆ ಅದೂ ಮೂಲೆ ಸೇರಬಹುದು.

ಎರಡನೆಯದು, ಸೋಲಿನ ನೆನಪು. ಒಂದು ಜಗಳದಲ್ಲಿ ಸೋತ ಪ್ರಾಣಿ ಮುಂದಿನ ಜಗಳದಲ್ಲೂ ಸೋಲುವ ಸಾಧ್ಯತೆ ಹೆಚ್ಚು. ಇದನ್ನು ವಿಜ್ಞಾನಿಗಳು ಕೋಳಿಗಳಲ್ಲಿ ಮಾತ್ರವಲ್ಲ, ಮೀನುಗಳಲ್ಲಿ ಮತ್ತು ಕೀಟಗಳಲ್ಲೂ ಕಂಡಿದ್ದಾರೆ. ಸೋತ ಕೋಳಿ ಮುಂದಿನ ಸಲ ಜಗಳಕ್ಕೆ ನಿಲ್ಲುವುದೇ ಇಲ್ಲ, ನೋಡಿದ ಕೂಡಲೇ ಓಡುತ್ತದೆ. ಓಡುವ ಕೋಳಿಯನ್ನು ಕಂಡರೆ ಉಳಿದವು ಇನ್ನಷ್ಟು ಬೆನ್ನಟ್ಟುತ್ತವೆ. ಬೆನ್ನಟ್ಟಿದಷ್ಟೂ ಅಂಜಿಕೆ ಬೆಳೆಯುತ್ತದೆ.

ಮೂರನೆಯದು, ಆಘಾತ. ನಾಯಿಯೋ ಬೆಕ್ಕೋ ಮುಂಗುಲಿಯೋ ಹಿಡಿಯಲು ಬಂದು ಹೇಗೋ ತಪ್ಪಿಸಿಕೊಂಡ ಕೋಳಿ ಕೆಲವು ದಿನ ಸಣ್ಣ ಸದ್ದಿಗೂ ಬೆಚ್ಚುತ್ತದೆ.

ನಾಲ್ಕನೆಯದು, ಗರಿ ಉದುರುವ ಕಾಲ. ಕೋಳಿಗಳು ವರ್ಷಕ್ಕೊಮ್ಮೆ ಹಳೆಯ ಗರಿ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತವೆ. ಆಗ ತತ್ತಿ ನಿಲ್ಲುತ್ತದೆ. ಬೆಳೆಯುತ್ತಿರುವ ಎಳೆಯ ಗರಿ ಮುಟ್ಟಿದರೆ ನೋವಾಗುವುದರಿಂದ ಕೋಳಿ ದೂರ ದೂರ ನಿಲ್ಲುತ್ತದೆ. ಇದು ತಾನಾಗಿಯೇ ಸರಿಹೋಗುತ್ತದೆ.

ಐದನೆಯದು ಬಹಳ ಮುಖ್ಯವಾದದ್ದು. ಅದು ಕಾಯಿಲೆ.

ಅಂಜಿಕೆಯೋ, ಕಾಯಿಲೆಯೋ?

ಮೂಲೆಯಲ್ಲಿ ನಿಂತ ಕೋಳಿಯೆಲ್ಲ ಅಂಜುಬುರುಕವಲ್ಲ. ಕಾಯಿಲೆ ಬಿದ್ದ ಕೋಳಿಯೂ ಮೂಲೆಯಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಉಪಾಯ.

ದೂರದಿಂದ ನೋಡಿ. ಅಂಜಿದ ಕೋಳಿಯ ಕಣ್ಣು ಚುರುಕಾಗಿರುತ್ತದೆ. ಅದು ಸುತ್ತಲೂ ನೋಡುತ್ತಿರುತ್ತದೆ. ಉಳಿದ ಕೋಳಿಗಳಿಲ್ಲದಾಗ ಕಾಳು ಹಾಕಿದರೆ ಗಬಗಬನೆ ತಿನ್ನುತ್ತದೆ. ಕಾಯಿಲೆಯ ಕೋಳಿ ಕಣ್ಣು ಮುಚ್ಚಿ, ಗರಿ ಉಬ್ಬಿಸಿ, ಕತ್ತು ಒಳಗೆಳೆದು ತೂಕಡಿಸುತ್ತದೆ. ಒಂಟಿಯಾಗಿ ಬಿಟ್ಟು ಕಾಳು ಹಾಕಿದರೂ ತಿನ್ನುವುದಿಲ್ಲ.

ಕೋಳಿ ಸಂಜೆ ಗೂಡು ಸೇರಿದ ಮೇಲೆ ಮನೆಯ ದೊಡ್ಡವರ ಸಹಾಯದಿಂದ ಅದನ್ನು ಎತ್ತಿಕೊಂಡು ಎರಡು ಜಾಗ ಮುಟ್ಟಿ ನೋಡಿ. ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಒಂದು ಆಹಾರ ಚೀಲವಿದೆ. ಕೋಳಿ ನುಂಗಿದ ಕಾಳು ಮೊದಲು ಅಲ್ಲಿ ಸೇರುತ್ತದೆ. ಹೊಟ್ಟೆತುಂಬ ತಿಂದಿದ್ದರೆ ಸಂಜೆ ಆ ಚೀಲ ಗುಂಡಗೆ ಉಬ್ಬಿರುತ್ತದೆ. ಖಾಲಿಯಾಗಿದ್ದರೆ ಕೋಳಿ ಇಡೀ ದಿನ ಉಪವಾಸ ಎಂದು ಅರ್ಥ. ಎರಡನೆಯ ಜಾಗ ಎದೆಯ ನಡುವಿನ ಮೂಳೆ. ಅದರ ಎರಡೂ ಬದಿಗೆ ಮಾಂಸ ತುಂಬಿಕೊಂಡಿರಬೇಕು. ಮೂಳೆ ಕುಡುಗೋಲಿನ ಅಂಚಿನಂತೆ ಕೈಗೆ ಚುಚ್ಚಿದರೆ ಕೋಳಿ ಬಹಳ ದಿನಗಳಿಂದ ಸರಿಯಾಗಿ ತಿಂದಿಲ್ಲ.

ಹಸಿರು ಬಣ್ಣದ ತೆಳುವಾದ ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚಿಕೊಳ್ಳುವುದು ಇವು ರಾಣಿಖೇತ್ ರೋಗದ ಲಕ್ಷಣಗಳು. ಈ ರೋಗಕ್ಕೆ ಮದ್ದಿಲ್ಲ, ಆದರೆ ಬರದಂತೆ ತಡೆಯಲು ಲಸಿಕೆ ಇದೆ. ಇಂತಹ ಲಕ್ಷಣ ಕಂಡರೆ ಆ ಕೋಳಿಯನ್ನು ಬೇರೆ ಮಾಡಿ ಪಶು ಆಸ್ಪತ್ರೆಗೆ ತಿಳಿಸಬೇಕು. ಒಂದೇ ಸಲಕ್ಕೆ ಹಲವು ಕೋಳಿಗಳು ಸತ್ತರೆ ಮುಟ್ಟಲೇಬೇಡಿ, ದೊಡ್ಡವರಿಗೆ ಹೇಳಿ. ಯಾವ ಕೋಳಿಯನ್ನು ಮುಟ್ಟಿದರೂ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ಕೋಳಿಗೆ ಗಾಯವಾಗಿದೆಯೇ ಎಂದೂ ನೋಡಿ. ಕೋಳಿಗಳ ಕಣ್ಣಿಗೆ ಕೆಂಪು ಬಣ್ಣ ಎದ್ದು ಕಾಣುತ್ತದೆ. ರಕ್ತ ಕಂಡ ಜಾಗವನ್ನು ಅವು ಮತ್ತೆ ಮತ್ತೆ ಕುಕ್ಕುತ್ತವೆ. ಚಿಕ್ಕ ಗಾಯ ಒಂದೇ ದಿನದಲ್ಲಿ ದೊಡ್ಡದಾಗಬಹುದು. ಆದ್ದರಿಂದ ರಕ್ತ ಬರುತ್ತಿರುವ ಕೋಳಿಯನ್ನು ಕೂಡಲೇ ಬೇರೆ ಇಡಬೇಕು. ಕುದಿಸಿ ಆರಿಸಿದ ನೀರಿನಿಂದ ಗಾಯ ತೊಳೆದು, ಪಶು ಆಸ್ಪತ್ರೆಯಲ್ಲಿ ಹೇಳಿದ ಔಷಧಿ ಹಚ್ಚಬೇಕು. ಗಾಯ ಒಣಗುವವರೆಗೆ ಹಿಂಡಿಗೆ ಬಿಡಬಾರದು.

ಕೋಳಿ ಆರೋಗ್ಯವಾಗಿದೆ, ಬರೀ ಅಂಜಿದೆ ಎಂದು ಖಚಿತವಾಯಿತೇ? ಹಾಗಾದರೆ ಕೆಲಸ ಆರಂಭಿಸೋಣ.

ಕೋಳಿಯನ್ನಲ್ಲ, ಹಿತ್ತಲನ್ನು ಬದಲಿಸಿ

ಜಗಳಗಂಟಿ ಕೋಳಿಗೆ ಕಲ್ಲು ಎಸೆಯುವುದರಿಂದ ಪ್ರಯೋಜನವಿಲ್ಲ. ಎಸೆದ ಕಲ್ಲಿನ ಸದ್ದಿಗೆ ಎಲ್ಲಕ್ಕಿಂತ ಮೊದಲು ಹೆದರುವುದು ಮೂಲೆಯ ಕೋಳಿಯೇ! ಅದರ ಬದಲು ಹೀಗೆ ಮಾಡಿ.

ಕಾಳನ್ನು ಒಂದೇ ಕಡೆ ಚೆಲ್ಲಬೇಡಿ. 6 ಕೋಳಿಗಳಿದ್ದರೆ ಮೂರು ಕಡೆ, ಒಂದರಿಂದ ಒಂದಕ್ಕೆ ಏಳೆಂಟು ಹೆಜ್ಜೆ ದೂರದಲ್ಲಿ ಹಾಕಿ. ಮೇಲಿನ ಕೋಳಿ ಒಂದೇ ಸಲಕ್ಕೆ ಮೂರೂ ಕಡೆ ನಿಂತು ಕಾಯಲಾರದು. ಕಾಳು ಹಾಕುವ ಒಂದು ಜಾಗ ಇನ್ನೊಂದು ಜಾಗದಿಂದ ಕಾಣದಂತಿದ್ದರೆ ಇನ್ನೂ ಒಳ್ಳೆಯದು. ಮನೆಯ ಮುಂದೊಂದು, ತಿಪ್ಪೆಯ ಆಚೆಗೊಂದು, ಕಟ್ಟಿಗೆ ಹೊರೆಯ ಹಿಂದೊಂದು.

ನೀರನ್ನೂ ಎರಡು ಮೂರು ಕಡೆ ಇಡಿ. ನಮ್ಮ ಭಾಗದಲ್ಲಿ ಇದು ತುಂಬಾ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ. ಅದಕ್ಕೆ ನಮ್ಮಂತೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿ ಮೈ ತಂಪು ಮಾಡಿಕೊಳ್ಳಬೇಕು. ಅದಕ್ಕೆ ನೀರು ಬೇಕೇ ಬೇಕು. ಮೇಲಿನ ಕೋಳಿಗಳು ಬೇವಿನ ಮರದ ನೆರಳನ್ನೂ ನೀರಿನ ಪರಾತವನ್ನೂ ಹಿಡಿದುಕೊಂಡು ಕುಳಿತರೆ, ಅಂಜಿದ ಕೋಳಿ ಬಿಸಿಲಲ್ಲೇ ಸಾಯಬಹುದು. ಒಡೆದ ಮಡಕೆಯ ತಳದಲ್ಲಿ ನೀರು ತುಂಬಿ ಇನ್ನೊಂದು ನೆರಳಿನಲ್ಲಿ ಇಟ್ಟರೆ ಒಂದು ಜೀವ ಉಳಿಯುತ್ತದೆ.

ಅಡಗಲು ಜಾಗ ಮಾಡಿ. ತೊಗರಿ ಕಟ್ಟಿಗೆ ಅಥವಾ ಹತ್ತಿ ಕಟ್ಟಿಗೆಯನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ. ಫರಸಿ ಕಲ್ಲಿನ ತುಂಡಿದ್ದರೆ ದೊಡ್ಡವರಿಗೆ ಹೇಳಿ ಅಲುಗಾಡದಂತೆ ಒರಗಿಸಿಡಿ. ಆದರೆ ಒಂದು ಎಚ್ಚರಿಕೆ. ಅಡಗುವ ಜಾಗಕ್ಕೆ ಎರಡು ಬಾಗಿಲಿರಬೇಕು. ಒಂದೇ ಬಾಗಿಲಿದ್ದರೆ ಅದೂ ಇನ್ನೊಂದು ಮೂಲೆಯೇ ಆಗುತ್ತದೆ. ಒಂದು ಕಡೆಯಿಂದ ಬೆನ್ನಟ್ಟಿದರೆ ಇನ್ನೊಂದು ಕಡೆಯಿಂದ ಹೊರಬರುವಂತಿರಬೇಕು.

ರಾತ್ರಿ ಕೂರಲು ಗೂಡಿನಲ್ಲಿ ಎರಡು ಕೋಲುಗಳನ್ನು ಕಟ್ಟಿ. ಒಂದೇ ಕೋಲಿದ್ದರೆ ಕೊನೆಯ ಕೋಳಿಯನ್ನು ನೆಲಕ್ಕೆ ತಳ್ಳಿಬಿಡುತ್ತವೆ.

ಬುಟ್ಟಿಯ ಉಪಾಯ

ಕೋಳಿ ಬಹಳ ಅಂಜಿದ್ದರೆ, ಇಲ್ಲವೇ ಗಾಯವಾಗಿ ಬೇರೆ ಇಟ್ಟಿದ್ದರೆ, ಅದನ್ನು ಒಮ್ಮೆಲೇ ಹಿಂಡಿಗೆ ಬಿಡಬಾರದು. ಹಾಗೆಂದು ಕತ್ತಲೆ ಕೋಣೆಯಲ್ಲಿ ಮುಚ್ಚಿಡಲೂಬಾರದು. ಏಕೆ ಗೊತ್ತೇ? ಎರಡು ಮೂರು ವಾರ ಕಣ್ಣಿಗೆ ಬೀಳದಿದ್ದರೆ ಹಿಂಡಿನ ಕೋಳಿಗಳು ಅದನ್ನು ಮರೆತುಬಿಡುತ್ತವೆ. ಮರಳಿ ಬಂದಾಗ ಅದು ಅವುಗಳ ಪಾಲಿಗೆ ಹೊಸ ಕೋಳಿ! ಮತ್ತೆ ಮೊದಲಿನಿಂದ ಜಗಳ ಶುರು.

ಇದಕ್ಕೆ ನಮ್ಮ ಹಿರಿಯರ ಬಿದಿರಿನ ಬುಟ್ಟಿಯೇ ಉತ್ತರ. ಮರಿಗಳನ್ನು ಹದ್ದು, ಕಾಗೆಗಳಿಂದ ಕಾಪಾಡಲು ಬೋರಲು ಹಾಕುತ್ತಾರಲ್ಲ, ಆ ದೊಡ್ಡ ಕಣ್ಣುಗಳ ಬುಟ್ಟಿ. ಹಿಂಡು ಮೇಯುವ ಜಾಗದಲ್ಲೇ, ನೆರಳಿನಲ್ಲಿ, ಬುಟ್ಟಿಯ ಕೆಳಗೆ ಕೋಳಿಯನ್ನು ಬಿಡಿ. ಒಳಗೆ ನೀರು, ಕಾಳು ಇಡಿ. ಬುಟ್ಟಿಯ ಹೊರಗೂ ಸ್ವಲ್ಪ ಕಾಳು ಚೆಲ್ಲಿ. ಉಳಿದ ಕೋಳಿಗಳು ಹತ್ತಿರ ಬಂದು ತಿನ್ನುತ್ತವೆ. ಒಳಗಿನದು ಒಳಗೆ ತಿನ್ನುತ್ತದೆ. ನೋಡಬಹುದು, ಕುಕ್ಕಲಾಗದು. ಪಕ್ಕಪಕ್ಕದಲ್ಲಿ ತಿಂದರೂ ಏನೂ ಆಗಲಿಲ್ಲ ಎಂಬುದನ್ನು ಎರಡೂ ಕಡೆಯವು ಕಲಿಯುತ್ತವೆ. ದಿನಕ್ಕೆ ಕೆಲವು ಗಂಟೆಯಂತೆ ಒಂದು ವಾರ ಹೀಗೆ ಮಾಡಿ. ಬುಟ್ಟಿ ಚಿಕ್ಕದಾದರೆ ಮೂಲೆಗೆ ತೊಗರಿ ಕಟ್ಟಿಗೆಯಿಂದ ಒಂದು ಅಡ್ಡಗೋಡೆ ಹೆಣೆದರೂ ಆದೀತು.

ಮುಂದಿನ ಹೆಜ್ಜೆ, ಒಬ್ಬ ಗೆಳತಿ. ಇಡೀ ಹಿಂಡಿನಲ್ಲಿ ಎಲ್ಲಕ್ಕಿಂತ ಸಾಧು ಕೋಳಿ ಯಾವುದು ಎಂದು ನೀವು ಈಗಾಗಲೇ ಗುರುತಿಸಿರುತ್ತೀರಿ. ಅದನ್ನು ಅಂಜಿದ ಕೋಳಿಯ ಜೊತೆ ಎರಡು ಮೂರು ದಿನ ಇರಿಸಿ. ಆಮೇಲೆ ಎರಡನ್ನೂ ಒಟ್ಟಿಗೆ ಹಿಂಡಿಗೆ ಬಿಡಿ. ಒಂಟಿಯಾಗಿ ಬಂದ ಕೋಳಿಯ ಮೇಲೆ ಬೀಳುವ ಕುಕ್ಕುಗಳು ಕಡಿಮೆಯಾಗುತ್ತವೆ. ಹೊಸ ಕೋಳಿ ತರುವಾಗಲೂ ಒಂದನ್ನು ತರುವ ಬದಲು ಎರಡನ್ನು ತರುವುದು ಒಳ್ಳೆಯದು ಎಂದು ಹೇಳುವುದು ಇದಕ್ಕೇ.

ಬಿಡಲು ಸರಿಯಾದ ಸಮಯ ಯಾವುದು? ಕತ್ತಲಾದ ಮೇಲೆ. ಮಬ್ಬು ಬೆಳಕಿನಲ್ಲಿ ಕೋಳಿಗಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಎಲ್ಲವೂ ಕೋಲಿನ ಮೇಲೆ ತೂಕಡಿಸುತ್ತಿರುವಾಗ ಮೆಲ್ಲಗೆ ನಡುವೆ ಕೂರಿಸಿ. ಬೆಳಗಾಗುತ್ತಲೇ ನೀವು ಎದ್ದು ಮೂರು ಕಡೆ ಕಾಳು ಹಾಕಿ ನಿಂತು ನೋಡಬೇಕು. ಒಂದೆರಡು ಕುಕ್ಕು ಬಿದ್ದರೆ ನಡುವೆ ಹೋಗಬೇಡಿ. ಅದು ಸಾಲು ನಿರ್ಧಾರವಾಗುವ ರೀತಿ. ರಕ್ತ ಬಂದರೆ, ಇಲ್ಲವೇ ಹಲವು ಕೋಳಿಗಳು ಸೇರಿ ಬೆನ್ನಟ್ಟಿದರೆ ಮಾತ್ರ ಬಿಡಿಸಿ ಮತ್ತೆ ಬುಟ್ಟಿಯ ಕೆಳಗಿಡಿ.

ಇಷ್ಟಾದರೂ ಒಂದೇ ಒಂದು ಕೋಳಿ ಬಿಡದೆ ಕಾಡುತ್ತಿದ್ದರೆ? ಆಗ ಬುಟ್ಟಿಯ ಕೆಳಗೆ ಹೋಗಬೇಕಾದದ್ದು ಆ ಜಗಳಗಂಟಿ! ಅದನ್ನು ಮೂರು ನಾಲ್ಕು ದಿನ ದೂರವಿಟ್ಟರೆ, ಅಷ್ಟರಲ್ಲಿ ಅಂಜಿದ ಕೋಳಿ ಹಿಂಡಿನಲ್ಲಿ ಬೆರೆತಿರುತ್ತದೆ. ಮರಳಿ ಬಂದ ಜಗಳಗಂಟಿಯ ಜೋರು ಸಾಮಾನ್ಯವಾಗಿ ಸ್ವಲ್ಪ ಇಳಿದಿರುತ್ತದೆ.

ಅಂಗೈಯ ಕಾಳು

ಕೋಳಿಗೆ ನಿಮ್ಮ ಮೇಲೂ ನಂಬಿಕೆ ಬರಬೇಕು. ಸಂತೆಗೆ ಒಯ್ಯುವಾಗ ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದನ್ನು ನೋಡಿದ್ದೀರಲ್ಲವೇ? ಆಗ ಕೋಳಿ ಸುಮ್ಮನಾಗುತ್ತದೆ. ಅದು ಸಮಾಧಾನವಲ್ಲ, ಅತಿಯಾದ ಭಯ. ವೈರಿಯ ಹಿಡಿತಕ್ಕೆ ಸಿಕ್ಕಿದಾಗ ಹಲವು ಪ್ರಾಣಿಗಳು ಸತ್ತಂತೆ ಮರಗಟ್ಟುತ್ತವೆ. ಕೋಳಿ ಎಷ್ಟು ಹೊತ್ತು ಹೀಗೆ ಅಲ್ಲಾಡದೆ ಇರುತ್ತದೆ ಎಂಬುದನ್ನು ನೋಡಿಯೇ ವಿಜ್ಞಾನಿಗಳು ಅದರ ಭಯವನ್ನು ಅಳೆಯುತ್ತಾರೆ. ಆದ್ದರಿಂದ ಕೋಳಿಯನ್ನು ಎತ್ತುವಾಗ ಎರಡೂ ಕೈಗಳಿಂದ ರೆಕ್ಕೆಗಳನ್ನು ಮೆಲ್ಲಗೆ ಒತ್ತಿ, ತಲೆ ಮೇಲಿರುವಂತೆ ಎದೆಗೆ ಆನಿಸಿ ಹಿಡಿಯಿರಿ.

ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ನಿಂತರೆ ನೀವು ಅದಕ್ಕೆ ದೈತ್ಯರಂತೆ ಕಾಣುತ್ತೀರಿ. 'ಬಾ ಬಾ ಬಾ' ಎಂದು ಒಂದೇ ದನಿಯಲ್ಲಿ ಕರೆದು ಸಜ್ಜೆ ಕಾಳನ್ನು ಸ್ವಲ್ಪ ದೂರ ಚೆಲ್ಲಿ. ಮರುದಿನ ಸ್ವಲ್ಪ ಹತ್ತಿರ. ಆಮೇಲೆ ಅಂಗೈಯಲ್ಲಿ. ಹಿಡಿಯಲು ಹೋಗಬೇಡಿ. ಅದು ತಾನಾಗಿಯೇ ಬರಲಿ. ಕರೆಯ ಸದ್ದಿಗೂ ಕಾಳಿಗೂ ಸಂಬಂಧವಿದೆ ಎಂದು ಕೋಳಿ ಬೇಗ ಕಲಿಯುತ್ತದೆ. ಕೆಲವಕ್ಕೆ ನಾಲ್ಕು ದಿನ ಸಾಕು, ಕೆಲವಕ್ಕೆ ಒಂದು ತಿಂಗಳೇ ಬೇಕು.

ಚೇತರಿಕೆಯ ಗುರುತುಗಳು

ಕೋಳಿ ಧೈರ್ಯ ಪಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಸಂಜೆ ಆಹಾರ ಚೀಲ ತುಂಬಿರುತ್ತದೆ. ಮಂಕಾಗಿದ್ದ ಜುಟ್ಟು ಕೆಂಪಾಗುತ್ತದೆ. ಕೋಳಿ ಬಯಲಿನಲ್ಲಿ ನಿಂತು ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತದೆ. ಒಣ ಮಣ್ಣಿನಲ್ಲಿ ಹೊರಳಾಡಿ ಮಣ್ಣಿನ ಸ್ನಾನ ಮಾಡುತ್ತದೆ. ಹೊರಳಾಡುವಾಗ ಓಡಿ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಇದು ಒಳ್ಳೆಯ ಗುರುತು. ಕೆಲವು ವಾರಗಳ ನಂತರ ಗೂಡಿನಲ್ಲಿ ಒಂದು ತತ್ತಿಯೂ ಸಿಗಬಹುದು. ಭಯದಲ್ಲಿರುವ ಕೋಳಿಯ ರಕ್ತದಲ್ಲಿ ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನು ಹೆಚ್ಚಾಗುತ್ತದೆ. ಅದು ಬಹಳ ದಿನ ಹೆಚ್ಚಾಗಿಯೇ ಇದ್ದರೆ ತತ್ತಿ ಕಡಿಮೆಯಾಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಅವ್ವ ಹೇಳಿದ 'ತತ್ತಿ ಇಡವಲ್ದು' ಎಂಬ ಮಾತಿಗೆ ಕಾರಣ ಇಲ್ಲಿರಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ನಿಮ್ಮ ಕೋಳಿ ಸಾಲಿನಲ್ಲಿ ಮೊದಲನೆಯದಾಗದಿರಬಹುದು. ಕೊನೆಯದಾಗಿಯೇ ಉಳಿಯಬಹುದು. ಯಾವ ಸಾಲಿನಲ್ಲೂ ಯಾರಾದರೂ ಕೊನೆಯವರು ಇರಲೇಬೇಕಲ್ಲ! ಆದರೆ ಕೊನೆಯ ಕೋಳಿಯೂ ಹೊಟ್ಟೆತುಂಬ ತಿಂದು, ನೆರಳಲ್ಲಿ ನಿಂತು, ರಾತ್ರಿ ಕೋಲಿನ ಮೇಲೆ ನಿದ್ದೆ ಮಾಡಿದರೆ ಅದು ಅಂಜಿದ ಕೋಳಿಯಲ್ಲ. ನಮ್ಮ ಗುರಿ ಅಷ್ಟೇ.

ಇನ್ನೊಂದು ಸ್ವಾರಸ್ಯ ಕೇಳಿ. ಸಾಲಿನಲ್ಲಿ ಕೆಳಗಿದ್ದ ಹ್ಯಾಟಿ ಕಾವಿಗೆ ಕೂತು, 21 ದಿನಗಳ ನಂತರ ಮರಿ ಮಾಡಿಕೊಂಡು ಹೊರಬಂದಾಗ ನೋಡಬೇಕು! ಗರಿ ಕೆದರಿ, ರೆಕ್ಕೆ ಇಳಿಬಿಟ್ಟು, ನಿನ್ನೆಯವರೆಗೆ ತನ್ನನ್ನು ಓಡಿಸುತ್ತಿದ್ದ ಕೋಳಿಯನ್ನೇ ಓಡಿಸುತ್ತದೆ. ಮರಿಗಳಿರುವಷ್ಟು ದಿನ ತಾಯಿಕೋಳಿಯ ದೇಹದ ಹಾರ್ಮೋನುಗಳೇ ಬೇರೆ, ನಡತೆಯೇ ಬೇರೆ. ಅಂಜಿಕೆ ಎಂಬುದು ಕೋಳಿಯ ಹಣೆಬರಹವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ದುಡಿಯಲು ದೂರದ ಊರಿಗೆ ಹೋದ ತಂದೆತಾಯಿಯರ ಜೊತೆ ಹೋಗಿದ್ದ ಗೆಳೆಯರು ಕೆಲವು ತಿಂಗಳ ನಂತರ ನಿಮ್ಮ ತರಗತಿಗೆ ಮರಳಿದಾಗ, ಅವರೂ ಮೊದಲ ದಿನ ಹಿಂದಿನ ಮೂಲೆಯಲ್ಲೇ ಕೂರುತ್ತಾರೆ. ಕೋಳಿಗಳಿಗೆ ಜಾಗ ಮಾಡಿಕೊಡುವುದು ತಿಳಿಯದು. ನಮಗೆ ತಿಳಿಯುತ್ತದೆ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಕೋಳಿಗಳಿಗೆ ಬಣ್ಣ, ಜುಟ್ಟು ನೋಡಿ ಒಂದೊಂದು ಹೆಸರಿಡಿ. ನೋಟ್‌ಬುಕ್ಕಿನಲ್ಲಿ ಚೌಕಗಳ ಪಟ್ಟಿ ಮಾಡಿ. ಎಡಗಡೆ ಕುಕ್ಕಿದ ಕೋಳಿಯ ಹೆಸರು, ಮೇಲ್ಗಡೆ ಕುಕ್ಕಿಸಿಕೊಂಡ ಕೋಳಿಯ ಹೆಸರು ಬರೆಯಿರಿ. ಒಂದು ವಾರ ದಿನವೂ ಕಾಳು ಹಾಕಿದ ಮೇಲೆ 15 ನಿಮಿಷ ನೋಡಿ ಗೆರೆ ಹಾಕುತ್ತಾ ಹೋಗಿ. ಸಾಲಿನಲ್ಲಿ ಮೊದಲು ಯಾವುದು, ಕೊನೆಗೆ ಯಾವುದು? ತ್ರಿಕೋನ ಸಿಕ್ಕಿತೇ?

2. ಎರಡನೆಯ ವಾರ ಕಾಳನ್ನು ಮೂರು ಕಡೆ ಹಾಕಿ ಮತ್ತೆ ಅಷ್ಟೇ ಹೊತ್ತು ಎಣಿಸಿ. ಕುಕ್ಕುಗಳು ಹೆಚ್ಚಾದವೇ, ಕಡಿಮೆಯಾದವೇ? ಎರಡೂ ವಾರದ ಲೆಕ್ಕವನ್ನು ಸ್ತಂಭ ನಕ್ಷೆಯಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ.

3. 8 ಕೋಳಿಗಳಿರುವ ಹಿಂಡಿನಲ್ಲಿ ಎಷ್ಟು ಜೋಡಿಗಳು? ಅದಕ್ಕೆ ಇನ್ನೂ ಒಂದು ಕೋಳಿ ಸೇರಿದರೆ ಎಷ್ಟು ಹೊಸ ಜೋಡಿಗಳಾಗುತ್ತವೆ? ಲೆಕ್ಕ ಹಾಕಿ.

ಮುಂದಿನ ಸಂತೆಯ ದಿನ ಬಂದಾಗ ಆ ನೋಟ್‌ಬುಕ್ಕನ್ನು ಅವ್ವನ ಮುಂದೆ ಇಡಿ. "ಯವ್ವಾ, ಇದು ಅಂಜುಬುರುಕ ಕೋಳಿ ಅಲ್ಲ. ಇನ್ನೊಂದು ತಿಂಗಳು ನೋಡೂಣು" ಎಂದು ಹೇಳಿ. ನಿಮ್ಮ ಲೆಕ್ಕ ಸರಿಯಾಗಿದ್ದರೆ ಅವ್ವ ಒಪ್ಪಿಕೊಳ್ಳುತ್ತಾಳೆ.